ಸಹಾಯ ಬೇಕು: ಸಬ್‌ಕ್ಲಾಸ್ ಮಾಡಿದ ಎಡಿಟ್ ಬಾಕ್ಸ್‌ನಲ್ಲಿ ಎಂಟರ್ ಸಿಕ್ಕಿತು, ಟ್ಯಾಬ್ ಕೈಕೊಟ್ಟಿತು

ಎಲ್ಲರಿಗೂ ನಮಸ್ಕಾರ. ವಿನ್32 ಎಪಿಐ (ವಿಂಡೋಸ್ ಪ್ರೋಗ್ರಾಂ ಬರೆಯಲು ಇರುವ ಫಂಕ್ಷನ್‌ಗಳು) ಬಳಸಿ ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಡೈಲಾಗ್ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಸಾಲಿನ ಸರ್ಚ್ ಬಾಕ್ಸ್ ಇದೆ. ಎಂಟರ್ ಒತ್ತಿದರೆ ಡೈಲಾಗ್ ಮುಚ್ಚಬಾರದು, ಹುಡುಕಾಟ ಶುರುವಾಗಬೇಕು. ಕೇಳಿದ್ದು ಇಷ್ಟೇ!

ಬಾಕ್ಸ್‌ಗೆ ಬರುವ ಮೆಸೇಜ್‌ಗಳು ಮೊದಲು ನನ್ನ ಪ್ರೊಸೀಜರ್‌ಗೆ ಬರಲಿ ಅಂತ (ಸಬ್‌ಕ್ಲಾಸ್ ಅಂದರೆ ಇದೇ) ಸೆಟ್‌ವಿಂಡೋಸಬ್‌ಕ್ಲಾಸ್ ಹಾಕಿದೆ. ಆದರೂ ಎಂಟರ್ ನನ್ನ ಪ್ರೊಸೀಜರ್‌ವರೆಗೆ ಬರಲೇ ಇಲ್ಲ. ಡೈಲಾಗ್‌ನ ಕೀಗಳನ್ನು ನೋಡಿಕೊಳ್ಳುವ ಇಸ್‌ಡೈಲಾಗ್‌ಮೆಸೇಜ್ ಫಂಕ್ಷನ್ ಅದನ್ನು ನಡುವೆಯೇ ಹಿಡಿದು ಡೀಫಾಲ್ಟ್ ಬಟನ್‌ಗೆ ಕೊಡುತ್ತಿತ್ತು. ಯಾವ ಕೀ ಬೇಕು ಅಂತ ಬಾಕ್ಸ್ ಅನ್ನು ಕೇಳುವ ಡಬ್ಲ್ಯೂಎಮ್_ಗೆಟ್‌ಡಿಎಲ್‌ಜಿಕೋಡ್ ಮೆಸೇಜ್ ಬಂದಾಗ, ಎಲ್ಲಾ ಕೀ ಬೇಕು ಎನ್ನುವ ಡಿಎಲ್‌ಜಿಸಿ_ವಾಂಟ್‌ಆಲ್‌ಕೀಸ್ ವಾಪಸ್ ಕೊಟ್ಟೆ. ಎಂಟರ್ ಬಂತು. ಅದರ ಹಿಂದೆಯೇ ಟ್ಯಾಬ್, ಎಸ್ಕೇಪ್ ಕೂಡ ಬಂದು ಇಲ್ಲೇ ಠಿಕಾಣಿ ಹೂಡಿದವು. ಈಗ ಟ್ಯಾಬ್ ಒತ್ತಿದರೆ ಫೋಕಸ್ ಮುಂದಿನ ಕಂಟ್ರೋಲ್‌ಗೆ ಹೋಗುತ್ತಿಲ್ಲ.

ಆ ಗೆಟ್‌ಡಿಎಲ್‌ಜಿಕೋಡ್ ಮೆಸೇಜ್‌ನ ಜೊತೆ ಬರುವ ಎಲ್‌ಪ್ಯಾರಮ್ ಮೌಲ್ಯದಲ್ಲಿ ಎಮ್‌ಎಸ್‌ಜಿ ಪಾಯಿಂಟರ್ (ಒತ್ತಿದ ಕೀಯ ವಿವರ ಇರುವ ಜಾಗದ ವಿಳಾಸ) ಸಿಗುತ್ತದೆ, ಕೆಲವೊಮ್ಮೆ ನಲ್ (ಖಾಲಿ) ಇರುತ್ತದೆ. ಅದು ನಲ್ ಅಲ್ಲದೆ, ಒತ್ತಿದ ಕೀ ವಿಕೆ_ರಿಟರ್ನ್ (ಎಂಟರ್) ಆಗಿದ್ದರೆ ಮಾತ್ರ ವಾಂಟ್‌ಆಲ್‌ಕೀಸ್ ಸೇರಿಸಿ, ಉಳಿದದ್ದನ್ನು ಬಾಕ್ಸ್‌ನ ಮೂಲ ಕೋಡ್‌ಗೆ ದಾಟಿಸುವ ಡೆಫ್‌ಸಬ್‌ಕ್ಲಾಸ್‌ಪ್ರೊಕ್‌ಗೆ ಬಿಟ್ಟರೆ ಸಾಕಾ? ಅಥವಾ ಸಬ್‌ಕ್ಲಾಸ್ ಸಹವಾಸವೇ ಬೇಡ ಅಂತ ಡೈಲಾಗ್‌ಗೆ ಐಡಿಓಕೆ (ಓಕೆ ಬಟನ್‌ನ ಸೂಚನೆ) ಬಂದಾಗ ಫೋಕಸ್ ಯಾವ ಕಂಟ್ರೋಲ್‌ನಲ್ಲಿದೆ ಅಂತ ಗೆಟ್‌ಫೋಕಸ್‌ನಿಂದ ನೋಡುವುದು ವಾಸಿಯಾ? ಎರಡನೆಯದು ಸುಲಭ, ನಿಜ. ಆದರೆ ಇದೇ ಬಾಕ್ಸ್ ಬೇರೆ ಡೈಲಾಗ್‌ಗಳಲ್ಲೂ ಬರುತ್ತದೆ, ಪ್ರತಿ ಕಡೆ ಅದೇ ಕೋಡ್ ಅಂಟಿಸಲು ಮನಸ್ಸಿಲ್ಲ.

ಇನ್ನೊಂದು ಕಾಟ: ಡಬ್ಲ್ಯೂಎಮ್_ಕೀಡೌನ್‌ನಲ್ಲಿ (ಕೀ ಒತ್ತಿದಾಗ ಬರುವ ಮೆಸೇಜ್) ಸೊನ್ನೆ ವಾಪಸ್ ಕೊಟ್ಟರೂ ಎಂಟರ್ ಒತ್ತಿದಾಗ ಟಿಂಗ್ ಅನ್ನುತ್ತದೆ. ಅದರ ಹಿಂದೆ ಬರುವ ಡಬ್ಲ್ಯೂಎಮ್_ಚಾರ್ (ಅಕ್ಷರದ ಮೆಸೇಜ್) ಅನ್ನೂ ನಾನೇ ನುಂಗಬೇಕು, ಅಲ್ವಾ?