ನಾಯಿಯ ಕಿವಿಗೆ ‘ನವೆ’ಯೋ ‘ತುರಿಕೆ’ಯೋ? ಫಲಕಕ್ಕೆ ಪದ ಬೇಕು, ನಾಳೆ ಸಂಜೆಯೊಳಗೆ

ದಾವಣಗೆರೆಯಿಂದ, ಬೆಳಿಗ್ಗೆ 7.40

ಬಳಗದವರಿಗೆ ನಮಸ್ಕಾರ. ಇಲ್ಲಿಯ ಪಶುವೈದ್ಯರೊಬ್ಬರ ಚಿಕಿತ್ಸಾಲಯದ ಗೋಡೆಗೆ ನಾಯಿಗಳ ಕಿವಿಯ ಆರೈಕೆ ಕುರಿತು ಫಲಕವೊಂದನ್ನು ಬರೆದುಕೊಡಬೇಕಾಗಿದೆ. ಮೂಲ ಇಂಗ್ಲಿಷಿನಲ್ಲಿದೆ. ಫ್ಲೆಕ್ಸ್ ಅಂಗಡಿಯವರು ನಾಳೆ ಸಂಜೆ ಆರಕ್ಕೆ ಅಚ್ಚಿಗೆ ಹಾಕುತ್ತಾರೆ. ತಲೆಬರಹವನ್ನು ‘ಶ್ವಾನಗಳ ಬಾಹ್ಯಕರ್ಣದ ಉರಿಯೂತ’ ಎಂದು ಬರೆದೆ. ಓದಿ ನೋಡಿದಾಗ ನನಗೇ ಹಿಡಿಸಲಿಲ್ಲ.

ನಿನ್ನೆ ಅಲ್ಲಿ ಕುಳಿತಿದ್ದಾಗ ಆನಗೋಡು ಕಡೆಯ ರೈತರೊಬ್ಬರು ತಮ್ಮ ನಾಯಿಯನ್ನು ಕರೆತಂದರು. ಅದು ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡೇ ಒಳಗೆ ಬಂತು. ನಿಂತಲ್ಲೇ ತಲೆ ಒದರಿದಾಗ ಜೋಲುಕಿವಿಗಳು ಪಟಪಟನೆ ಬಡಿದು, ಬಿಳಿಯ ಗೋಡೆಯ ಮೇಲೆ ಕಂದು ಚುಕ್ಕೆಗಳು ಸಿಡಿದವು. ವೈದ್ಯರು ಕಿವಿಯನ್ನು ಮಗುಚಿ ತೋರಿಸಿದರು: ಒಳಗೆ ಕಾಫಿಪುಡಿಯಂಥ ಗುಗ್ಗೆ, ಹಾಲೆಯ ಅಂಚಿನಲ್ಲಿ ಉಗುರಿನ ಗೀರುಗಳು. ‘ನಾಲ್ಕು ದಿನದಿಂದ ಕಿವಿಯೊಳಗೆ ನವೆ ಎದ್ದಿದೆ, ರಾತ್ರಿಯೆಲ್ಲ ನಿದ್ದೆಯಿಲ್ಲ ಇದಕ್ಕೆ’ ಎಂದರು ಆ ರೈತರು.

ನಾನು ‘ತುರಿಕೆ’ ಎಂದು ಬರೆದಿದ್ದೇನೆ. ಬದಲಿಸಬೇಕೇ? ಹಾಗೆಯೇ ‘ಡ್ರೈ’ ಆದ ಕಿವಿಗೆ ‘ಒಣ ಕಿವಿ’, ‘ಇರಿಟೇಟೆಡ್’ಗೆ ‘ಕಿರಿಕಿರಿಗೊಂಡ ಕಿವಿ’, ‘ಮೈಟ್’ಗೆ ‘ಹುಳ’ ಎಂದು ಹಾಕಿದ್ದೇನೆ. ಮೂರೂ ಸರಿಯೆನಿಸುತ್ತಿಲ್ಲ. ದಯವಿಟ್ಟು ಇಂದೇ ತಿಳಿಸಿ.

ಚಿತ್ರದುರ್ಗದಿಂದ, 8.15

ನವೆ. ರೈತರು ಹೇಳಿದ್ದೇ ಸರಿ.

ನವೆ ಒಳಗಿನದು, ತುರಿಕೆ ಹೊರಗಿನದು. ನವೆಯಾದಾಗ ತುರಿಸಿಕೊಳ್ಳುತ್ತೇವೆ. ‘ತುರಿ’ ಧಾತುವಿನ ಕೆಲಸವೇ ಹೆರೆಯುವುದು. ಕಾಯಿತುರಿ, ತುರಿಮಣೆ ನೋಡಿ. ನಾಯಿ ಹಿಂಗಾಲಿನಿಂದ ಮಾಡುವುದು ಅದನ್ನೇ. ನವೆಗೆ ತಮಿಳಿನಲ್ಲಿ ‘ನಮೈ’ ಇದೆ, ತೆಲುಗಿನಲ್ಲಿ ‘ನವ’ ಇದೆ. ಅಕ್ಕಪಕ್ಕದ ಭಾಷೆಗಳೂ ಉಳಿಸಿಕೊಂಡಿರುವ ಪದವನ್ನು ನಾವೇಕೆ ಫಲಕದಿಂದ ಹೊರಗಿಡಬೇಕು? ಇನ್ನು ಯಾರಾದರೂ ಸಂಸ್ಕೃತದ ‘ಕಂಡೂತಿ’ ಎನ್ನುವ ಮೊದಲೇ ಹೇಳುತ್ತೇನೆ: ಬೇಡ. ‘ಕಜ್ಜಿ’ಯೂ ಬೇಡ, ಅದು ರೋಗದ ಹೆಸರು.

ಬೆಂಗಳೂರಿನಿಂದ, 8.50

ಈ ಒಳಗು-ಹೊರಗಿನ ಭೇದ ನಿಮ್ಮ ಕಲ್ಪನೆ. ‘ಮೈ ತುರಿಸುತ್ತಿದೆ’ ಎನ್ನುವಾಗ ಕೈಯ ಮಾತೇ ಇಲ್ಲ, ಕರ್ತೃ ಮೈ. ‘ಕಿವಿ ತುರಿಸುತ್ತಿದೆ’ ಎಂದರೂ ಅಷ್ಟೇ. ಪತ್ರಿಕೆಗಳಲ್ಲಿ ‘ತುರಿಕೆ’ ನೆಲೆನಿಂತಿದೆ. ‘ನವೆ’ ಎಷ್ಟು ಜನರಿಗೆ ತಿಳಿಯುತ್ತದೆ?

ಚಿತ್ರದುರ್ಗದಿಂದ, 8.58

ನಾಯಿಯನ್ನು ಕರೆತಂದವರಿಗೆ ತಿಳಿದಿದೆ. ಫಲಕ ಇರುವುದು ಅವರಿಗಾಗಿ.

ಹೊಸದುರ್ಗದಿಂದ, 10.30

‘ಹುಳ’ವನ್ನು ಈಗಲೇ ಅಳಿಸಿ. ಕಿವಿಯಲ್ಲಿ ಹುಳ ಎಂದು ಬರೆದರೆ ನಮ್ಮ ಕಡೆಯವರಿಗೆ ಅರ್ಥವಾಗುವುದು ಗಾಯಕ್ಕೆ ಬಿದ್ದ ಹುಳ. ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿಗೆ ಸುರಿಯುತ್ತಾರೆ.

ಪದ ನಮ್ಮ ತೋಟದಲ್ಲೇ ಇದೆ: ನುಸಿ. ತೆಂಗಿಗೆ ಬಂದ ಪೀಡೆಯನ್ನು ನೆನಪಿಸಿಕೊಳ್ಳಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ತೋಟಗಳಿಗೂ ಇಳಿಯಿತು. ಎಳೆಯ ಕಾಯಿಯ ತೊಟ್ಟಿನಡಿ ಕುಳಿತು ರಸ ಹೀರಿ, ಸಿಪ್ಪೆಯನ್ನು ಕಂದಾಗಿಸಿ ಸೀಳಿಸಿದ ಆ ಜೀವಿಯನ್ನು ಯಾರೂ ಹುಳ ಎನ್ನಲಿಲ್ಲ. ‘ನುಸಿ ಬಿದ್ದಿದೆ’ ಎಂದರು. ಕಣ್ಣಿಗೆ ಕಾಣದ್ದೊಂದು ನವುರಾಗಿ ಕುಳಿತು ಕಾಯಿಯನ್ನು ಕೆಡಿಸುತ್ತದೆ ಎಂಬ ತಿಳಿವಳಿಕೆ ಆ ಒಂದು ಪದದೊಂದಿಗೆ ಮನೆಮನೆಗೆ ಬಂತು. ನಾಯಿಯ ಕಿವಿಯಲ್ಲಿರುವುದೂ ಅದೇ ಬಳಗದ್ದು: ಉಣ್ಣಿಗೂ ಜೇಡಕ್ಕೂ ದಾಯಾದಿ. ಗುಗ್ಗೆಯನ್ನು ಕಪ್ಪು ಕಾಗದದ ಮೇಲೆ ಉದುರಿಸಿ ದಿಟ್ಟಿಸಿದರೆ ಬಿಳಿಯ ಚುಕ್ಕೆ ಸರಿದಾಡುವುದು ಕಾಣಬಹುದು. ‘ಕಿವಿನುಸಿ’ ಎಂದು ಬರೆಯಿರಿ. ಮನೆಯ ಬೆಕ್ಕಿಗೂ ಅದು ಹರಡುತ್ತದೆ, ಹಾಗಾಗಿ ಎಲ್ಲವಕ್ಕೂ ಒಟ್ಟಿಗೆ ಔಷಧ ಹಾಕಿಸಬೇಕು ಎಂದೂ ಸೇರಿಸಿ.

ಧಾರವಾಡದಿಂದ, 11.20

ನುಸಿ ಒಪ್ಪಿದೆ. ಆದರೆ ನೀವು ಕಳಿಸಿದ ಕರಡಿನಲ್ಲಿ ‘ಅಲರ್ಜಿ’ ನಾಲ್ಕು ಬಾರಿ ಬಂದಿದೆ, ‘ಶಿಲೀಂಧ್ರ’ ಎರಡು ಬಾರಿ. ‘ಒಗ್ಗದಿಕೆ’, ‘ಬೂಸು’ ಎಂದರೆ ಯಾರ ಗಂಟು ಹೋಗುತ್ತದೆ? 2020ರ ಮೊದಲು ಎಲ್ಲರ ಬಾಯಲ್ಲಿ ‘ಇನ್ಫೆಕ್ಷನ್’ ಇತ್ತು. ಕೊರೊನಾ ಬಂದ ಮೇಲೆ ‘ಸೋಂಕು’, ‘ಸೋಂಕಿತರು’ ಎಂದು ಊರೂರಲ್ಲಿ ಮಾತಾಡಿದರು. ಬಳಸಿದರೆ ನಮ್ಮ ಪದ ನಿಲ್ಲುತ್ತದೆ. ಬಳಸುವ ಮನಸ್ಸು ಬೇಕು.

ಬೆಂಗಳೂರಿನಿಂದ, 11.45

‘ಸೋಂಕು’ ಮೊದಲೇ ಇದ್ದ ಪದ, ‘ಒಗ್ಗದಿಕೆ’ ಕಟ್ಟಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ‘ಅಲರ್ಜಿ’ ಇಂಗ್ಲಿಷರದೂ ಅಲ್ಲ. ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಗ್ರೀಕ್ ಪದಗಳಿಂದ ಕಟ್ಟಿದ್ದು. ಅವರೂ ಎರವಲು ತಂದರು, ನಾವೂ ತಂದೆವು.

ಧಾರವಾಡದಿಂದ, 11.52

ಅವನು ಕಟ್ಟಬಹುದು, ನಾವು ಕಟ್ಟಬಾರದು. ನಿಮ್ಮ ವಾದ ಇಷ್ಟೇ.

ದಾವಣಗೆರೆಯಿಂದ, ಮಧ್ಯಾಹ್ನ 2.10

ಎರವಲಿನ ಜಗಳವನ್ನು ಬೇರೆ ಎಳೆಯಲ್ಲಿ ನಡೆಸಿ ಎಂದು ಕೈಮುಗಿದು ಕೇಳುತ್ತೇನೆ. ವೈದ್ಯರ ಮುಂದೆ ಕುಳಿತು ಒಂದೊಂದೇ ಪದ ತೀರ್ಮಾನಿಸಿಕೊಂಡು ಬಂದೆ.

ತಲೆಬರಹ: ‘ನಿಮ್ಮ ನಾಯಿಗೆ ಕಿವಿಯಲ್ಲಿ ನವೆಯೇ?’ ಲಕ್ಷಣಗಳ ಸಾಲಿನಲ್ಲಿ ‘ಪದೇ ಪದೇ ತುರಿಸಿಕೊಳ್ಳುವುದು, ತಲೆ ಒದರುವುದು’. ಎರಡು ಪದಗಳಿಗೂ ಕೆಲಸ ಸಿಕ್ಕಿತು. ‘ಒಣ ಕಿವಿ’ ಹೋಯಿತು, ‘ಕಿವಿಯಲ್ಲಿ ಹೊಟ್ಟು ಏಳುವುದು’ ಬಂತು. ತಲೆಹೊಟ್ಟು ಗೊತ್ತಿರುವವರಿಗೆ, ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಭತ್ತದ ಹೊಟ್ಟು ನೋಡುತ್ತಲೇ ಬೆಳೆದವರಿಗೆ ಬೇರೆ ವಿವರಣೆ ಬೇಡ. ‘ಕಿರಿಕಿರಿ’ ಮನಸ್ಸಿನದು, ಅದರ ಜಾಗದಲ್ಲಿ ‘ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿರುವ ಕಿವಿ’ ಎಂದು ಬರೆದೆ. ಎಲ್ಲದಕ್ಕೂ ಒಂದೇ ಪದ ಇರಲೇಬೇಕೆಂಬ ಹಟ ಏಕೆ?

‘ಉಣ್ಣೆ’ ಎಂದು ಬರೆದಿದ್ದನ್ನು ‘ಉಣ್ಣಿ’ ಮಾಡಿದೆ. ಚಳ್ಳಕೆರೆಯ ಕಂಬಳಿಯ ಸೀಮೆಯಲ್ಲಿ ‘ನಾಯಿಯ ಕಿವಿಯ ಉಣ್ಣೆ ತೆಗೆಯಿರಿ’ ಎಂದರೆ ಕತ್ತರಿ ಹಿಡಿದಾರು.

ನನಗೆ ಮುಖ್ಯವಾದ ಸಾಲು ಇದು: ‘ಕಾಸಿದ ಎಣ್ಣೆ ಬಿಡಬೇಡಿ, ಹತ್ತಿ ಸುತ್ತಿದ ಕಡ್ಡಿ ತೂರಿಸಬೇಡಿ. ನಾಯಿಯ ಕಿವಿಯ ದಾರಿ ನೇರವಾಗಿಲ್ಲ. ಕೆಳಗಿಳಿದು ಮೊಣಕೈಯಂತೆ ಒಳಕ್ಕೆ ತಿರುಗುತ್ತದೆ. ಕಡ್ಡಿ ಗುಗ್ಗೆಯನ್ನು ಇನ್ನೂ ಒಳಕ್ಕೆ ದೂಡುತ್ತದೆ.’ ಮೂಲದಲ್ಲಿದ್ದ ಕಿವಿನಾಳದ ಚಿತ್ರಕ್ಕೆ ಫ್ಲೆಕ್ಸಿನಲ್ಲಿ ಜಾಗವಿಲ್ಲ. ಅದರ ಕೆಲಸವನ್ನೂ ಈ ‘ಮೊಣಕೈ’ಯೇ ಮಾಡಬೇಕು.

‘ಅಲರ್ಜಿ’ ಉಳಿಯುತ್ತದೆ. ವಾಸಿಯಾದ ನವೆ ಮತ್ತೆ ಮತ್ತೆ ಮರುಕಳಿಸಿದರೆ ಹಿಂದೆ ಅಲರ್ಜಿ ಇರುವುದೇ ಹೆಚ್ಚು. ನಾಯಿ ಸಾಕಿದವರು ಆ ಪದವನ್ನು ವೈದ್ಯರ ಮುಂದೆಯೂ ಔಷಧದ ಅಂಗಡಿಯಲ್ಲೂ ಹೇಳಬೇಕಾಗುತ್ತದೆ. ‘ಶಿಲೀಂಧ್ರ’ ಮಾತ್ರ ತೆಗೆದೆ. ‘ಬೂಸು ಹಿಡಿದು ಮುಗ್ಗಲು ವಾಸನೆ ಬರುವ ಕಿವಿ’ ಎಂದಾಗ ವೈದ್ಯರೂ ತಲೆಯಾಡಿಸಿದರು. ಧಾರವಾಡದವರಿಗೆ ಋಣಿ.

ಧಾರವಾಡದಿಂದ, 2.30

ಅರ್ಧ ನ್ಯಾಯ. ಫಲಕದ ಕೆಳಗೆ ನನ್ನ ಹೆಸರು ಬೇಡ.

ಹೊಸದುರ್ಗದಿಂದ, ಮರುದಿನ ಸಂಜೆ 4.50

ಒಂದನ್ನು ಮರೆತಿದ್ದೆ: ಸುಂಕು. ಹೊಲದಲ್ಲಿ ಓಡಾಡುವ ನಾಯಿಯ ಕಿವಿಗೆ ಹುಲ್ಲಿನ ತೆನೆಯ ಚೂಪಾದ ಎಳೆ, ಅಂದರೆ ಸುಂಕು, ಸೇರಿಕೊಳ್ಳುತ್ತದೆ. ಆಗ ನವೆ ಸಾಮಾನ್ಯವಾಗಿ ಒಂದೇ ಕಿವಿಯಲ್ಲಿ, ಅದೂ ಇದ್ದಕ್ಕಿದ್ದಂತೆ. ಇಂಗ್ಲಿಷಿನಲ್ಲಿ ಇದಕ್ಕೆ ಏನೆನ್ನುತ್ತಾರೋ, ಜೋಳ ಕೊಯ್ದವರಿಗೆ ಸುಂಕು ಎಂದರೆ ಸಾಕು. ಜಾಗ ಉಳಿದಿದೆಯೇ?

ದಾವಣಗೆರೆಯಿಂದ, 5.05

ಉಣ್ಣಿಯ ಸಾಲಿನ ಪಕ್ಕದಲ್ಲಿ ಸೇರಿಸಿದೆ. ಅಂಗಡಿಗೆ ಹೊರಟೆ.