ರೆಪರ್ಟರಿ ನಾಟಕ ತಂಡದಲ್ಲಿ ಸ್ಟೇಜ್ ಮ್ಯಾನೇಜರ್ ಕೆಲಸಕ್ಕೆ ಮೊದಲ ಸಂದರ್ಶನ: ಏನು ತಯಾರಿ ಬೇಕು?

ಸಾಗರದವಳು:
ಹವ್ಯಾಸಿ ತಂಡದಲ್ಲಿ ನಾಲ್ಕು ವರ್ಷ ನೇಪಥ್ಯದ ಕೆಲಸ ಮಾಡಿದ್ದೇನೆ. ಈಗ ಮೊದಲ ಸಲ ಸಂಬಳದ ಕೆಲಸಕ್ಕೆ ಶಿವಮೊಗ್ಗದಲ್ಲಿ ಸಂದರ್ಶನ ಇದೆ. ಎರಡು ನಾಟಕ, ಹನ್ನೊಂದು ನಟರು, ಒಂದು ಲಾರಿ, ನವೆಂಬರಿನಿಂದ ತಿರುಗಾಟ. ಹತ್ತು ದಿನ ಬಾಕಿ. ಏನು ಕೇಳ್ತಾರೆ, ಏನು ಒಯ್ಯಬೇಕು? ಕರೆಂಟಿನ ಲೆಕ್ಕದಲ್ಲಿ ನಾನು ಹಿಂದೆ. ಸಂಬಳದ ಮಾತು ಹೇಗೆ ಎತ್ತೋದು?

ಸೈಡ್‌ವಿಂಗ್:
ಫೋಟೋ ಆಲ್ಬಮ್ ಮನೆಯಲ್ಲೇ ಇರಲಿ. ಫೋಟೋದಲ್ಲಿ ನಟರು ಕಾಣುತ್ತಾರೆ. ನಿಮ್ಮ ಕೆಲಸ ಕಾಣುವುದು ಪ್ರಾಂಪ್ಟ್ ಬುಕ್ಕಿನಲ್ಲಿ, ಅಂದರೆ ಸಂಭಾಷಣೆಯ ಜೊತೆ ಪ್ರದರ್ಶನದ ಎಲ್ಲ ಸೂಚನೆ ಬರೆದಿಟ್ಟ ಪುಸ್ತಕದಲ್ಲಿ. ನಾಳೆ ನಿಮಗೆ ಜ್ವರ ಬಂದರೆ ಆ ಪುಸ್ತಕ ಹಿಡಿದು ಇನ್ನೊಬ್ಬರು ಪ್ರದರ್ಶನ ನಡೆಸಬಹುದೇ? ಪುಟ ತಿರುವುವವರು ಹುಡುಕುವುದು ಇದನ್ನೇ.

ಒಂದು ನಾಟಕದ್ದು ಸಾಕು. ಒಂದು ಮಗ್ಗುಲಲ್ಲಿ ಸಂಭಾಷಣೆ, ಎದುರು ಪುಟದಲ್ಲಿ ಚಲನೆ ಮತ್ತು ಕ್ಯೂ (ಬೆಳಕು, ಧ್ವನಿ ಬದಲಿಸುವ ಸೂಚನೆ), ಎಲ್ಲವೂ ಪೆನ್ಸಿಲ್ಲಿನಲ್ಲಿ. ಅಳಿಸಿ ಬರೆದ ಗುರುತು ಇದ್ದರೆ ನಾಚಿಕೊಳ್ಳಬೇಡಿ, ಸಂದರ್ಶನಕ್ಕೆಂದು ಹೊಸದಾಗಿ ನಕಲು ಮಾಡಿದ ಪುಸ್ತಕ ಕಂಡ ಕೂಡಲೇ ಗೊತ್ತಾಗುತ್ತದೆ. ಬೆಳಕಿನ ಕ್ಯೂಗೆ ಅಂಕಿ ಇಡಿ. ಧ್ವನಿಗೂ ಅಂಕಿ ಇಟ್ಟರೆ ಹೆಡ್‌ಸೆಟ್ಟಿನಲ್ಲಿ '12' ಅಂದಾಗ ಬೆಳಕಿನವರೂ ಧ್ವನಿಯವರೂ ಕೈ ಎತ್ತುತ್ತಾರೆ. 'ಗಂಟೆ', 'ಮಳೆ ಶುರು' ಅಂತ ಹೆಸರಿಟ್ಟರೆ ಗೊಂದಲ ಇಲ್ಲ.

ಕ್ಯೂ ಎಲ್ಲಿ ಬೀಳುತ್ತದೆ ಅನ್ನುವುದು ಒಂದು ಶಬ್ದಕ್ಕೋ ಒಂದು ಚಲನೆಗೋ ಕಟ್ಟಿರಬೇಕು. 'ರಾಜ ಕೂತಾಗ' ಅಂತ ಬರೆದರೆ ಸಾಲದು. ಕೂರಲು ಬಗ್ಗಿದಾಗಲೋ, ಕೂತು ಬೆನ್ನು ಒರಗಿಸಿದಾಗಲೋ? ಎರಡರ ನಡುವೆ ಎರಡು ಸೆಕೆಂಡ್ ಇದೆ, ಕತ್ತಲೆಗೆ ಅದು ಬಹಳ.

ಒಂದು ಪುಟ ಕೊಟ್ಟು 'ಕ್ಯೂ ಕರೆಯಿರಿ' ಅನ್ನಬಹುದು. ಅರ್ಧ ಪುಟ ಮೊದಲೇ 'ಲೈಟ್ಸ್ 12 ಸ್ಟ್ಯಾಂಡ್‌ಬೈ' (ತಯಾರಾಗಿರಿ) ಹೇಳಿ, ಬೆಳಕಿನ ಆಪರೇಟರ್ ಮರುನುಡಿಯುವವರೆಗೆ ಕಾಯಬೇಕು. ಆಮೇಲೆ 'ಲೈಟ್ಸ್ 12... ಗೋ'. 'ಗೋ' ಕೊನೆಗೇ ಬರಬೇಕು, ಏಕೆಂದರೆ ಕೈ ಓಡುವುದು ಆ ಶಬ್ದಕ್ಕೆ. ಬೇರೆ ಮಾತಿನಲ್ಲಿ ಅದು ಬಾಯಿಗೆ ಬರಲೇಬಾರದು. ತಾಲೀಮಿನ ರೆಕಾರ್ಡಿಂಗ್ ಇದ್ದರೆ ಹಾಕಿಕೊಂಡು ಬಾಯಿಬಿಟ್ಟು ಅಭ್ಯಾಸ ಮಾಡಿ. ಮನಸ್ಸಿನಲ್ಲೇ ಓದಿದರೆ ಉಸಿರಿನ ಲೆಕ್ಕ ಸಿಗುವುದಿಲ್ಲ.

ಹಳೆಯ ತಂಡದ ಪುಸ್ತಕ ತೋರಿಸುವ ಮೊದಲು ಅವರ ಒಪ್ಪಿಗೆ ಕೇಳಿ. ನಟರ ಫೋನ್ ನಂಬರ್, ಔಷಧಿ ವಿವರ ಇರುವ ಹಾಳೆ ತೆಗೆದಿಡಿ. ಅದನ್ನು ತೆಗೆಯದೆ ತಂದವರಿಗೆ ಅಲ್ಲೇ ಅಂಕ ಹೋಗುತ್ತದೆ.

ಡಿಮ್ಮರ್ ಪೆಟ್ಟಿಗೆ:
ಲೆಕ್ಕ ಕಷ್ಟ ಇಲ್ಲ ಮಾರಾಯ್ರೆ. ವಾಟನ್ನು 230ರಿಂದ ಭಾಗಿಸಿ. 1000 ವಾಟಿನ ಒಂದು ಪಾರ್ ದೀಪ (ರಂಗಕ್ಕೆ ಬೆಳಕು ಚೆಲ್ಲುವ ಡಬ್ಬಿ ದೀಪ) ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಶಾಲೆಯ ರಂಗದಲ್ಲಿ 15 ಆಂಪಿಯರಿನ ಒಂದೇ ಸಾಕೆಟ್ ಇದ್ದರೆ ಮೂರು ದೀಪ, ನಾಲ್ಕನೆಯದು ಹಾಕಬೇಡಿ. ಹನ್ನೆರಡು ದೀಪಕ್ಕೆ 52 ಆಂಪಿಯರ್; ತ್ರೀ-ಫೇಸ್ ಇದ್ದರೆ ಫೇಸಿಗೆ ನಾಲ್ಕರಂತೆ ಹಂಚಿದಾಗ ಒಂದೊಂದರಲ್ಲಿ 17.5ರ ಹತ್ತಿರ ನಿಲ್ಲುತ್ತದೆ. ಧ್ವನಿಯ ಸಾಮಾನು ಡಿಮ್ಮರಿನ (ಬೆಳಕು ಏರಿಸಿ ಇಳಿಸುವ ಪೆಟ್ಟಿಗೆ) ಫೇಸಿನಲ್ಲಿದ್ದರೆ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ, ದೀಪವನ್ನು ಎರಡೇ ಫೇಸಿಗೆ ಇಳಿಸಿಯಾದರೂ ಅದನ್ನು ಬೇರೆ ಮಾಡಿಸಿ.

ನಮ್ಮ ಕಡೆ ಖಂಡಿತ ಕೇಳುವ ಪ್ರಶ್ನೆ: ನಾಟಕದ ಮಧ್ಯೆ ಕರೆಂಟ್ ಹೋದರೆ? 'ಜನರೇಟರ್ ಹಾಕಿಸ್ತೇನೆ' ಅನ್ನುವುದು ಅರ್ಧ ಉತ್ತರ. ಮೊದಲು ನಟರು ಇದ್ದಲ್ಲೇ ನಿಲ್ಲಬೇಕು, ವಿಂಗಿನಿಂದ (ರಂಗದ ಪಕ್ಕದ ಮರೆ) ಟಾರ್ಚ್ ನೆಲಕ್ಕೆ ಬೀಳಬೇಕು. ಆಮೇಲೆ ಎಲ್ಲ ಫೇಡರ್ (ಬೆಳಕು ಏರಿಸಿ ಇಳಿಸುವ ಗುಂಡಿ) ಸೊನ್ನೆಗೆ. ದೀಪದೊಳಗಿನ ತಣ್ಣಗಾದ ತಂತಿ ಹೊತ್ತಿಕೊಳ್ಳುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಫೇಡರ್ ಮೇಲಿದ್ದರೆ ಜನರೇಟರ್ ಬಂದ ಕ್ಷಣವೇ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆರುವ ಸ್ವಿಚ್) ಬೀಳುತ್ತದೆ. ಲೈಟಿಂಗ್ ಬೋರ್ಡಿಗೂ ಧ್ವನಿಯ ಲ್ಯಾಪ್‌ಟಾಪಿಗೂ ಯುಪಿಎಸ್ ಇದೆಯಾ ಅಂತ ನೀವೇ ತಿರುಗಿ ಕೇಳಿ.

ಸಾಗರದವಳು:
ಉಪಕಾರ ಆಯ್ತು. ದಿನಕ್ಕೊಂದು ಊರು ಅಂದರೆ ರಂಗದ ಅಳತೆ ಬದಲಾಗುತ್ತಲ್ಲ, ಸಾಮಾನು ಇಡುವ ಜಾಗದ ಮಾರ್ಕಿಂಗ್ ಬಗ್ಗೆ ಏನು ಹೇಳಲಿ? ಲಾರಿ ತಡವಾದರೆ ಅನ್ನೋದನ್ನೂ ಕೇಳ್ತಾರಂತೆ.

ಘಟ್ಟದ ಲಾರಿ:
ಇದೇ ಜಿಲ್ಲೆಯ ಹೆಗ್ಗೋಡಿನ ನೀನಾಸಂ ನಾಟಕ ಸಂಸ್ಥೆಯ ತಿರುಗಾಟ 1985ರಲ್ಲಿ ಶುರುವಾದದ್ದು, ಹಾಗಾಗಿ ಶಿವಮೊಗ್ಗ ಜಿಲ್ಲೆಯಲ್ಲಿ ಸಂದರ್ಶನಕ್ಕೆ ಕೂರುವವರಿಗೆ ತಿರುಗಾಟದ ಕಷ್ಟ ವಿವರಿಸಬೇಕಾಗಿಲ್ಲ. ನೇರವಾಗಿ ವಿಧಾನ ಹೇಳಿ.

ಎಲ್ಲ ಅಳತೆ ನಡುಗೆರೆಯಿಂದ ಮತ್ತು ಮುಂಪರದೆಯ ಗೆರೆಯಿಂದ, ಒಂದೊಂದು ಸಾಮಾನಿಗೆ ಎರಡೆರಡು. ಗೋಡೆಯಿಂದ ಅಳೆದರೆ ಮುಂದಿನ ಊರಿನಲ್ಲಿ ಕೆಟ್ಟಿತು. 36 ಅಡಿ ಅಗಲಕ್ಕೆ ಮಾಡಿದ ನಾಟಕ 24 ಅಡಿಗೆ ಬಂದರೆ ಯಾವ ಸಾಮಾನು ಬಿಡಬಹುದು, ಯಾವ ಪ್ರವೇಶ ಎದುರು ವಿಂಗಿಗೆ ಹೋಗಬೇಕು ಅನ್ನುವುದನ್ನು ತಾಲೀಮಿನಲ್ಲೇ ನಿರ್ದೇಶಕರ ಹತ್ತಿರ ಬರೆಸಿಕೊಳ್ಳಬೇಕು. ಥಂಡಿ ಹಿಡಿದ ಸಿಮೆಂಟ್ ನೆಲಕ್ಕೆ ಟೇಪ್ ನಿಲ್ಲುವುದಿಲ್ಲ. ಒಣಬಟ್ಟೆಯಲ್ಲಿ ಉಜ್ಜಿ, ಒತ್ತಿ ಹಚ್ಚಿ. ಸೀಮೆಸುಣ್ಣ ಒಂದು ದೃಶ್ಯ ಕಳೆಯುವಷ್ಟರಲ್ಲಿ ಕಾಲಿಗೆ ಅಳಿಸಿಹೋಗುತ್ತದೆ.

ಲಾರಿ ತುಂಬುವ ಕ್ರಮ ಇಳಿಸುವ ಕ್ರಮಕ್ಕೆ ತಿರುಗುಮುರುಗು. ಮೊದಲು ಬೇಕಾದ ದೀಪ, ಕೇಬಲ್ ಕೊನೆಗೆ ಏರಬೇಕು. ನಾಲ್ಕು ಗಂಟೆ ತಡವಾದರೆ ಏನು ಬಿಡುತ್ತೀರಿ? ನಾಟಕದ ಪೂರ್ತಿ ತಾಲೀಮು ಬಿಡಿ, ಸಾಮಾನ್ಯ ಬೆಳಕಿನ ಅಂದ ಬಿಡಿ. ದೀಪದ ಸುರಕ್ಷತಾ ಸರಪಳಿ, ಕತ್ತಲಲ್ಲಿ ನಡೆಯುವ ಪ್ರವೇಶ-ನಿರ್ಗಮನ, ಮೆಟ್ಟಿಲು, ಹೊಡೆದಾಟ ಇವನ್ನು ಬಿಡುವಂತಿಲ್ಲ. ಪ್ರದರ್ಶನ ತಡವಾದೀತೆಂದು ಅಂಜಿ ಇವನ್ನು ಹಾರಿಸುತ್ತೇನೆ ಅಂದವರನ್ನು ತಿರುಗಾಟಕ್ಕೆ ಕಳಿಸುವುದು ಅಪಾಯ. ಕರಾವಳಿಯ ಕಡೆ ಪ್ರದರ್ಶನ ಇದ್ದರೆ ಆಗುಂಬೆ ಘಾಟಿಯಲ್ಲಿ ಲಾರಿಗೆ ನಿರ್ಬಂಧ ಇದೆಯೇ, ಹುಲಿಕಲ್ ಘಾಟಿಯ ಕಡೆಯಿಂದ ಹೋಗಬೇಕೇ ಅಂತ ವಿಚಾರಿಸುವುದೂ ನಿಮ್ಮ ತಲೆಯಲ್ಲಿರಲಿ.

ಸಂಬಳ: ಅವರು 'ನಿಮ್ಮ ಪ್ರಶ್ನೆ ಇದೆಯಾ' ಅಂದಾಗ. ತಿಂಗಳಿಗೋ ಪ್ರದರ್ಶನಕ್ಕೋ? ತಾಲೀಮಿನ ದಿನಗಳಿಗೆ ಉಂಟೋ? ವಾರದ ರಜೆ, ಊಟ, ಮಹಿಳೆಯರಿಗೆ ಬೇರೆ ವಸತಿ, ಅಪಘಾತ ವಿಮೆ? ಪರಿಕರ ಕಳೆದರೆ ದುಡ್ಡು ಯಾರದ್ದು? ಈ ಕೊನೆಯದನ್ನು ಮರೆಯಬೇಡಿ, ಕರಾರಿನಲ್ಲಿ ಬರೆಸಿಯೇ ಸಹಿ ಹಾಕಿ.

ಸೈಡ್‌ವಿಂಗ್:
ಒಂದು ಬಿಟ್ಟುಹೋಯಿತು. 'ಮೂರನೇ ಬೆಲ್ (ನಾಟಕ ಶುರುವಿನ ಗಂಟೆ) ಯಾವಾಗ' ಅಂತ ಕೇಳಿದರೆ ಗಡಿಯಾರದ ಹೊತ್ತು ಹೇಳಬೇಡಿ. ಬಾಗಿಲಿನವರು, ಬೆಳಕು, ಧ್ವನಿ, ಮೊದಲ ದೃಶ್ಯದ ನಟರು ಈ ನಾಲ್ಕೂ ಕಡೆಯಿಂದ 'ರೆಡಿ' ಬಂದ ಮೇಲೆ ಅನ್ನಿ.