ಸಹಾಯ ಬೇಕು: ನಾಲ್ಕಕ್ಷರದ ಡೊಮೈನ್‌ಗೆ ಲಾಯರ್ ನೋಟಿಸ್ ಬಂದಿದೆ

ನಮಸ್ಕಾರ. ನಮ್ಮದು ಸಾಗರದ ಹತ್ತಿರ. ಅಮ್ಮ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು 2013ರಲ್ಲಿ ನಾಲ್ಕೇ ಇಂಗ್ಲಿಷ್ ಅಕ್ಷರದ ಡಾಟ್ ಇನ್ ಡೊಮೈನ್ (ವೆಬ್‌ಸೈಟ್ ವಿಳಾಸದ ಹೆಸರು) ತಗೊಂಡಿದ್ದೆ. ಭರಣಿ ಮೇಲಿನ ಚೀಟಿಯಲ್ಲೂ ಅದೇ ಹೆಸರು. ಈಗ ಒಂದು ಕಂಪನಿ, ಅದು ನಮ್ಮ ಟ್ರೇಡ್‌ಮಾರ್ಕ್, ಬಿಟ್ಟುಕೊಡಿ ಅಂತಿದೆ. ಅವರ ಟ್ರೇಡ್‌ಮಾರ್ಕ್ ಅರ್ಜಿ 2020ರದ್ದು!

ಡಾಟ್ ಇನ್ ತಕರಾರು, ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ಅನ್ನುವ ತಕರಾರು ನಿಯಮದಂತೆ ಮಧ್ಯಸ್ಥಗಾರರ ಮುಂದೆ ಹೋಗುತ್ತದೆ. ಹೆಸರು ಒಂದೇ ಥರ ಇದ್ದರೆ ಸಾಲದು. ನನಗೆ ಅದರ ಮೇಲೆ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ತಗೊಂಡೆ ಅಥವಾ ಬಳಸಿದೆ ಅಂತಲೂ ಅವರು ತೋರಿಸಬೇಕು. ನಾನು ಜಾಸ್ತಿ ದುಡ್ಡಿಗೆ ಮಾರಲು ಹಿಡಿದಿಟ್ಟವನಲ್ಲ. ಹಳೇ ಬಿಲ್, ಕೊರಿಯರ್ ರಸೀದಿ ಎಲ್ಲ ಇವೆ.

ಶಿವಮೊಗ್ಗ ಕಡೆ ಇಂಥ ಕೇಸ್ ನಡೆಸಿದ ವಕೀಲರು ಯಾರಾದರೂ ಗೊತ್ತಾ? ಉತ್ತರ ಕೊಡುವ ಮೊದಲು ಇನ್ನೇನು ಜೋಡಿಸಿಟ್ಟುಕೊಳ್ಳಲಿ? ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.